ದೂರದ ಕಡಲ ಬಿಸಿ, ನಮ್ಮ ಕಾವೇರಿಯ ನೀರು



ಮುಂಗಾರು ಕಾಲಿಟ್ಟಿತೆಂದರೆ ನಾಲೆಯ ಬಯಲಿನ ನಾವೆಲ್ಲರೂ ಕೇಳುವ ಪ್ರಶ್ನೆ ಒಂದೇ: "ಕಟ್ಟೆ ಎಷ್ಟು ಅಡಿಗೆ ಬಂತು?" ಕನ್ನಂಬಾಡಿ ಕಟ್ಟೆಯ ಪೂರ್ಣ ಮಟ್ಟ 124.80 ಅಡಿ ಎಂಬುದು ನಮ್ಮ ಮಕ್ಕಳಿಗೂ ಬಾಯಿಪಾಠ. ಕೊಡಗಿನಲ್ಲಿಯೂ ಹೇಮಾವತಿಯ ಮಲೆನಾಡಿನಲ್ಲಿಯೂ ಮಳೆಯಾದರೆ ಕಟ್ಟೆ ತುಂಬುತ್ತದೆ ಎಂಬುದೂ ಎಲ್ಲರಿಗೂ ಗೊತ್ತು. ಆದರೆ ಆ ಮಳೆ ಒಂದು ವರ್ಷ ಸುರಿದು, ಇನ್ನೊಂದು ವರ್ಷ ಕೈಕೊಡುವುದೇಕೆ? ಇದಕ್ಕಿರುವ ಕಾರಣಗಳಲ್ಲಿ ಒಂದು, ನಮ್ಮಿಂದ ಸಾವಿರಾರು ಮೈಲಿ ದೂರದ ಶಾಂತ ಮಹಾಸಾಗರದಲ್ಲಿದೆ. ಅದನ್ನು ಈ ಸಲ ತಿಳಿದುಕೊಳ್ಳೋಣ.

ಆ ಸಾಗರದ ಒಂದು ದಡದಲ್ಲಿ ಇಂಡೋನೇಷ್ಯ, ಇನ್ನೊಂದು ದಡದಲ್ಲಿ ದಕ್ಷಿಣ ಅಮೆರಿಕದ ಪೆರು ದೇಶ. ಸಾಮಾನ್ಯ ವರ್ಷಗಳಲ್ಲಿ ಗಾಳಿಯು ಪೆರುವಿನ ಕಡೆಯಿಂದ ಇಂಡೋನೇಷ್ಯದ ಕಡೆಗೆ ಬೀಸಿ, ಬಿಸಿಲಿಗೆ ಕಾದ ಮೇಲ್ನೀರನ್ನು ಅಲ್ಲಿಗೆ ತಳ್ಳುತ್ತದೆ. ಕಾದ ನೀರಿನ ಮೇಲಿನ ಗಾಳಿ ಮೇಲೇರಿ ಮೋಡ ಕಟ್ಟುತ್ತದೆ. ಆದರೆ ಎರಡರಿಂದ ಏಳು ವರ್ಷಗಳಿಗೊಮ್ಮೆ ಈ ಗಾಳಿ ಸೋಲುತ್ತದೆ. ಆಗ ಬಿಸಿನೀರು ಪೆರುವಿನ ಕಡೆಗೆ ಹಿಂದಕ್ಕೆ ಸರಿಯುತ್ತದೆ. ಒಲೆಯನ್ನು ಅಡಿಗೆಮನೆಯಿಂದ ಹಿತ್ತಲಿಗೆ ಒಯ್ದರೆ ಹೊಗೆ ಏಳುವ ಜಾಗವೂ ಬದಲಾಗುವುದಷ್ಟೆ. ಹಾಗೆಯೇ ಮೋಡ ಏಳುವ ಜಾಗವೂ ಸಾಗರದ ನಡುವಿಗೆ ಸರಿಯುತ್ತದೆ. ನಮ್ಮ ಕಡೆ ಗಾಳಿ ಮೇಲೇರುವ ಬದಲು ಕೆಳಗಿಳಿಯತೊಡಗುತ್ತದೆ. ಇಳಿಯುವ ಗಾಳಿ ಮೋಡ ಕಟ್ಟಲು ಬಿಡದು, ಮುಂಗಾರು ಬಡವಾಗುತ್ತದೆ.

ಈ ಬಿಸಿ ಕ್ರಿಸ್‌ಮಸ್ ಹಬ್ಬದ ಸುಮಾರಿಗೆ ಕಾಣಿಸುತ್ತಿದ್ದುದರಿಂದ ಪೆರುವಿನ ಬೆಸ್ತರು ಇದನ್ನು ಬಾಲ ಯೇಸುವಿನ ಹೆಸರಿನಿಂದ ಎಲ್ ನಿನೋ ಎಂದು ಕರೆದರು. ಇದಕ್ಕೆ ವಿರುದ್ಧವಾಗಿ ಆ ನೀರು ಎಂದಿಗಿಂತ ತಂಪಾದರೆ ಅದು ಲಾ ನಿನಾ. ಆಗ ನಮಗೆ ಮಳೆ ಚೆನ್ನಾಗಿ ಆಗುವುದೇ ಹೆಚ್ಚು.

ಇದು ಹೊಸ ಸಂಗತಿಯಲ್ಲ. ಹಿರಿಯರು ಧಾತು, ಈಶ್ವರ ಸಂವತ್ಸರಗಳ ಕ್ಷಾಮವೆಂದು ಕರೆದ 1876–78ರ ಬರಗಾಲದಲ್ಲಿ ಬಲವಾದ ಎಲ್ ನಿನೋ ಇತ್ತು. 1871ರ ಜನಗಣತಿಯಲ್ಲಿ 50 ಲಕ್ಷಕ್ಕೂ ಮೇಲಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ವೇಳೆಗೆ 42 ಲಕ್ಷಕ್ಕಿಂತ ಕೆಳಗಿಳಿದಿತ್ತು. ಆಗ ಕಾರಣ ಯಾರಿಗೂ ತಿಳಿದಿರಲಿಲ್ಲ. 1904ರಿಂದ 1924ರವರೆಗೆ ಭಾರತದ ಹವಾಮಾನ ಇಲಾಖೆಯ ಮುಖ್ಯಸ್ಥರಾಗಿದ್ದ ಗಿಲ್ಬರ್ಟ್ ವಾಕರ್ ಅವರು, ಶಾಂತ ಸಾಗರದ ಕಡೆಯ ಗಾಳಿಯ ಒತ್ತಡವೂ ನಮ್ಮ ಕಡೆಯ ಒತ್ತಡವೂ ತಕ್ಕಡಿಯ ಎರಡು ತಟ್ಟೆಗಳಂತೆ ಏರಿಳಿಯುತ್ತವೆ ಎಂದು ಕಂಡುಹಿಡಿದರು. ಈ ಏರಿಳಿತವೂ ಎಲ್ ನಿನೋವೂ ಒಂದೇ ಸಂಗತಿಯ ಎರಡು ಮುಖಗಳೆಂದು ಅನಂತರ ತಿಳಿದುಬಂತು.

ಇನ್ನು ಹೊಳೆಯ ಮಾತು. ಮಳೆ ಐದರಲ್ಲಿ ಒಂದು ಪಾಲು ಕಡಿಮೆಯಾದರೆ ಹೊಳೆಯ ನೀರೂ ಅಷ್ಟೇ ಕಡಿಮೆಯಾದೀತೆಂದು ನಾವು ಭಾವಿಸುತ್ತೇವೆ. ಅದು ತಪ್ಪು. ಕಣದ ಲೆಕ್ಕ ನೋಡಿ. ಇಪ್ಪತ್ತು ಮೂಟೆ ಬೆಳೆದವನು ಮನೆಗೆ ಹತ್ತು ಇಟ್ಟುಕೊಂಡು ಹತ್ತನ್ನು ಸಂತೆಗೆ ಒಯ್ಯುತ್ತಾನೆ. ಮರು ವರ್ಷ ಹದಿನಾರೇ ಮೂಟೆ ಆದರೂ ಮನೆಯವರ ಹೊಟ್ಟೆ ಚಿಕ್ಕದಾಗುವುದಿಲ್ಲ. ಸಂತೆಗೆ ಉಳಿಯುವುದು ಆರು ಮಾತ್ರ. ಬೆಳೆ ಕಡಿಮೆಯಾದುದು ಐದರಲ್ಲಿ ಒಂದು ಪಾಲು. ಸಂತೆಯ ಪಾಲು ಕಡಿಮೆಯಾದುದು ಐದರಲ್ಲಿ ಎರಡು. ಮಳೆಯಲ್ಲಿಯೂ ಮೊದಲ ಪಾಲು ಮಣ್ಣಿನದು, ಮರಗಿಡಗಳದು, ಬಿಸಿಲಿನದು. ಉಳಿದುದು ಹೊಳೆಯದು. ಧಾರಾಳ ಮಳೆ ಬೀಳುವ ಕೊಡಗಿನ ಬೆಟ್ಟಗಳಲ್ಲಿ ಈ ಪೆಟ್ಟು ಸ್ವಲ್ಪ ಕಡಿಮೆ. ಬಯಲುಸೀಮೆಯ ಹಳ್ಳ, ಕೆರೆಗಳಿಗೆ ಬಹಳ ಹೆಚ್ಚು.

ಈ ಲೆಕ್ಕವನ್ನು ಡಿಪ್ಲೊಮಾ ತರಗತಿಯಲ್ಲಿ ನಾನು ಓದಿದ್ದೆ. ಆದರೂ 2023ರಲ್ಲಿ ತಪ್ಪು ಮಾಡಿದೆ. ಅದನ್ನು ಮುಚ್ಚಿಡದೆ ಹೇಳುವುದು ನನ್ನ ಕರ್ತವ್ಯ. ಎಲ್ ನಿನೋ ಬರುವ ಸಂಭವವಿದೆಯೆಂದು ಹವಾಮಾನ ಇಲಾಖೆ ಆ ವರ್ಷದ ಏಪ್ರಿಲ್‌ನಲ್ಲಿಯೇ ತಿಳಿಸಿತ್ತು. ಜೂನ್ ಒಣಗಿ ಹೋಯಿತು. ಜುಲೈನಲ್ಲಿ, ಪುಷ್ಯ ಮಳೆಯ ಹೊತ್ತಿಗೆ, ಕೊಡಗಿನಲ್ಲಿ ಚೆನ್ನಾಗಿ ಸುರಿದು ಕಟ್ಟೆಯ ಮಟ್ಟ ಏರಿತು. ನಾಲೆಯ ಕೊನೆಯ ಭಾಗದ ಒಂದು ಹಳ್ಳಿಯ ರೈತರು, "ದೊಡ್ಡ ಭತ್ತ ನಾಟಿ ಮಾಡಬಹುದೇ?" ಎಂದು ಕೇಳಿದರು. ಏರುತ್ತಿದ್ದ ಮಟ್ಟವನ್ನು ನೋಡಿ "ಮಾಡಿ" ಎಂದೆ. ಆಮೇಲೆ ಆಶ್ಲೇಷ, ಮಖೆ ಎರಡೂ ಕೈಕೊಟ್ಟವು. ದೇಶದಲ್ಲಿ ಆ ಆಗಸ್ಟ್‌ನ ಮಳೆ ವಾಡಿಕೆಗಿಂತ ಶೇಕಡ 36ರಷ್ಟು ಕಡಿಮೆ. 1901ರಿಂದೀಚೆಗೆ ಅಷ್ಟು ಒಣಗಿದ ಆಗಸ್ಟ್ ಇರಲಿಲ್ಲ. ಆ ವರ್ಷ ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಸಾರಲಾಯಿತು. ಆ ಹಳ್ಳಿಯ ಗದ್ದೆಗಳಿಗೆ ನೀರು ತಲಪಲಿಲ್ಲ. ತೆನೆ ಕಟ್ಟುವ ಮೊದಲೇ ಒಣಗಿದ ಪೈರನ್ನು ದನಕ್ಕೆ ಕೊಯ್ದ ರೈತರ ಮುಂದೆ ನಾನು ನಿಂತೆ. ಅವರು ನನ್ನನ್ನು ಬಯ್ಯಲಿಲ್ಲ. ಅದೇ ನನಗೆ ಕಷ್ಟವಾಯಿತು.

ಇಡೀ ಕಾಲದ ಲೆಕ್ಕ ನೋಡಿದರೆ ಆ ವರ್ಷದ ದೇಶದ ಮುಂಗಾರು ವಾಡಿಕೆಗಿಂತ ಕಡಿಮೆಯಾದುದು ಶೇಕಡ 6 ಮಾತ್ರ. ಪೈರು ಸರಾಸರಿಯನ್ನು ಕುಡಿಯುವುದಿಲ್ಲ. ಬೇಕಾದ ವಾರದಲ್ಲಿ ಬಂದ ನೀರನ್ನು ಕುಡಿಯುತ್ತದೆ.

ಹಾಗೆಂದು ಎಲ್ ನಿನೋ ಎಂದೊಡನೆ ಎದೆಗುಂದಬೇಕಾಗಿಲ್ಲ. 1997ರಲ್ಲಿ ಅತಿ ಬಲವಾದ ಎಲ್ ನಿನೋ ಇದ್ದರೂ ದೇಶದ ಮುಂಗಾರು ವಾಡಿಕೆಗಿಂತ ಕಡಿಮೆಯಾಗಲಿಲ್ಲ. 2002ರ ಎಲ್ ನಿನೋ ಅಷ್ಟು ಬಲವಾದುದಲ್ಲ. ಆದರೂ ಮಳೆ ಶೇಕಡ 19ರಷ್ಟು ಕಡಿಮೆಯಾಯಿತು. ಕಾರಣ, ನಮ್ಮ ಹಿಂದೂ ಮಹಾಸಾಗರದಲ್ಲಿಯೂ ಇಂಥದೇ ಒಂದು ತಕ್ಕಡಿ ಇದೆ. ಆಫ್ರಿಕದ ಕಡೆಯ ನೀರು ಬಿಸಿಯಾಗಿ ಸುಮಾತ್ರದ ಕಡೆಯ ನೀರು ತಂಪಾದರೆ, ಅದು ನಮ್ಮ ಮುಂಗಾರಿಗೆ ಬೆಂಬಲ ಕೊಡಬಲ್ಲುದು. 1997ರಲ್ಲಿ ಹಾಗಾಗಿತ್ತು. ಇದನ್ನು ಗುರುತಿಸಿ 1999ರಲ್ಲಿ ಪ್ರಕಟಿಸಿದ ವಿಜ್ಞಾನಿಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಬಿ. ಎನ್. ಗೋಸ್ವಾಮಿ ಅವರೂ ಒಬ್ಬರು. ಆದುದರಿಂದ ಎಲ್ ನಿನೋ ಎಂಬುದು ತೀರ್ಪಲ್ಲ, ಎಚ್ಚರಿಕೆ. ಎಚ್ಚರಿಕೆ ಬಂದಾಗ ಮಾಡತಕ್ಕ ಕೆಲಸಗಳು ಇವು:

1. ಹವಾಮಾನ ಇಲಾಖೆಯು ಏಪ್ರಿಲ್ ನಡುವಿನಲ್ಲಿ ಒಮ್ಮೆ, ಮೇ ಕೊನೆಯಲ್ಲಿ ಇನ್ನೊಮ್ಮೆ ಮುಂಗಾರಿನ ಮುನ್ಸೂಚನೆ ಕೊಡುತ್ತದೆ. ಎರಡನ್ನೂ ಊರಿನಲ್ಲಿ ಕೂಡಿ ಓದಿರಿ. ಅದು ದೇಶದ ಮಾತು, ನಿಮ್ಮ ಹೊಲದ ಮಾತಲ್ಲ ಎಂಬುದು ನೆನಪಿರಲಿ.

2. ಕಟ್ಟೆಯ ಮಟ್ಟವನ್ನು ವಾರಕ್ಕೊಮ್ಮೆ ಪಂಚಾಯಿತಿಯ ಹಲಗೆಯ ಮೇಲೆ ಬರೆಯಿರಿ. ಪಕ್ಕದಲ್ಲಿ ಹಿಂದಿನ ವರ್ಷದ ಅದೇ ವಾರದ ಮಟ್ಟವೂ ಇರಲಿ. ಒಂದು ವಾರದ ಏರಿಕೆಯನ್ನು ನೋಡಿ ಬೀಜ ನೆನೆಹಾಕಬೇಡಿ.

3. ನಾಲೆಯ ಕೊನೆಯ ಭಾಗದವರು ಎಚ್ಚರಿಕೆಯ ವರ್ಷದಲ್ಲಿ ದೀರ್ಘಾವಧಿಯ ಭತ್ತವನ್ನು ಬಿಟ್ಟು ಅಲ್ಪಾವಧಿಯ ತಳಿ ಅಥವಾ ರಾಗಿಯನ್ನು ಆರಿಸಿಕೊಳ್ಳಿರಿ. ತಡವಾಗಿ ಬಿತ್ತಲು ಹುರುಳಿಯ ಬೀಜ ಮನೆಯಲ್ಲಿರಲಿ.

4. ಕೆರೆಗೆ ನೀರು ತರುವ ಕಾಲುವೆಗಳ ಹೂಳು, ಪೊದೆಗಳನ್ನು ಮೇ ತಿಂಗಳಲ್ಲಿಯೇ ತೆಗೆಯಿರಿ. ಕಡಿಮೆ ಮಳೆಯ ವರ್ಷದಲ್ಲಿ ಬರುವುದು ಒಂದೆರಡು ಒಳ್ಳೆಯ ಹದ ಮಾತ್ರ. ಅದು ಕೆರೆಗೆ ಸೇರಬೇಕು.

2024ರಲ್ಲಿ ಎಲ್ ನಿನೋ ಕಳೆದ ಮೇಲೆ ಜುಲೈನಲ್ಲಿಯೇ ಕಟ್ಟೆ ತುಂಬಿತು. ಆಗ ನಾನು ಅದೇ ಹಳ್ಳಿಗೆ ಹೋಗಿದ್ದೆ. "ಈಗ ಏನು ಹಾಕೋಣ?" ಎಂದು ಅವರು ಮತ್ತೆ ನನ್ನನ್ನೇ ಕೇಳಿದರು. ಈ ಸಲ ನಾವು ಹಲಗೆಯ ಮುಂದೆ ಕುಳಿತು, ಲೆಕ್ಕ ನೋಡಿ, ಒಟ್ಟಿಗೆ ತೀರ್ಮಾನಿಸಿದೆವು. ನಿಮ್ಮ ಊರಿನಲ್ಲಿಯೂ ಅಂಥ ಒಂದು ಹಲಗೆ ಬರಲಿ. ಸುಣ್ಣದ ಕಡ್ಡಿಯನ್ನು ನಾನು ತರುತ್ತೇನೆ.

ನಿಮ್ಮ ಗ್ರಾಮ ಸೇವಕ