ಒಂದು ಸಾಲು ಎಂದರೆ ಏನು?

ಫೆಬ್ರವರಿ ಕಳೆದ ಮೇಲೆ ವಿಜಯಪುರದಿಂದ ತಿಕೋಟಾ, ಬಬಲೇಶ್ವರದ ಕಡೆ ಹೊರಟರೆ ತೋಟಗಳ ನಡುವೆ ಒಣದ್ರಾಕ್ಷಿ ಶೆಡ್ಡುಗಳು ಕಾಣುತ್ತವೆ. ಜಾಳಿಗೆಯ ಮೇಲೆ ಹರವಿದ ಹಸಿ ದ್ರಾಕ್ಷಿ ಒಣಗಿ, ಸುಮಾರು ನಾಲ್ಕು ಕಿಲೋಗೆ ಒಂದು ಕಿಲೋ ಮಣೂಕವಾಗಿ, ಪೆಟ್ಟಿಗೆ ತುಂಬಿ ಕೋಲ್ಡ್ ಸ್ಟೋರೇಜ್ ಸೇರುತ್ತದೆ. ಅಂಥ ಒಂದು ಕೋಲ್ಡ್ ಸ್ಟೋರೇಜ್ ಸಂಸ್ಥೆಯಲ್ಲಿ ನಿಮಗೆ ಹೊಸದಾಗಿ ಕೆಲಸ ಸಿಕ್ಕಿದೆ ಎಂದುಕೊಳ್ಳೋಣ. ಮಾಲೀಕರು ಕೇಳುತ್ತಾರೆ: “ತಿಕೋಟಾ ತಾಲೂಕಿನಿಂದ ಹೋದ ವರ್ಷ ಎಷ್ಟು ಮಾಲು ಬಂದಿತ್ತು, ಈ ವರ್ಷ ಎಷ್ಟು ಬಂದಿದೆ?”

ಇಂಥ ಪ್ರತಿ ಪ್ರಶ್ನೆಗೂ ಕಂಪ್ಯೂಟರ್ ವಿಭಾಗದ ಬಾಗಿಲು ತಟ್ಟುವುದು ಬೇಡ, ಪ್ರಶ್ನೆ ಹುಟ್ಟಿದವರೇ ಉತ್ತರ ತೆಗೆದುಕೊಳ್ಳಲಿ ಎಂಬ ಉದ್ದೇಶಕ್ಕೆ ಪವರ್ ಬಿಐ, ಟ್ಯಾಬ್ಲೋ, ಮೆಟಾಬೇಸ್ ಮುಂತಾದ ಸಾಧನಗಳಿವೆ. ಅವುಗಳನ್ನು ಸಂಸ್ಥೆಯ ಡೇಟಾ ವೇರ್‌ಹೌಸ್‌ಗೆ ಜೋಡಿಸುವುದು ಹೇಗೆ ಎಂಬುದು ಇಂದಿನ ಪಾಠ. ಜೋಡಿಸುವ ಕೆಲಸ ಹತ್ತು ನಿಮಿಷದ್ದು. ಅದಕ್ಕೂ ಮೊದಲು ಮಾಡಬೇಕಾದ ಕೆಲಸವೇ ದೊಡ್ಡದು.

ಮೊದಲು ವೇರ್‌ಹೌಸ್ ಯಾಕೆ ಬೇಕು ನೋಡೋಣ. ಗೇಟಿನ ತೂಕದ ಲೆಕ್ಕ, ಬಿಲ್ಲಿಂಗ್, ಬಾಡಿಗೆ, ಮಾರಾಟ ಇವೆಲ್ಲ ಬೇರೆ ಬೇರೆ ತಂತ್ರಾಂಶಗಳಲ್ಲಿ ಇರುತ್ತವೆ. ವರದಿಯ ಸಾಧನವನ್ನು ನೇರವಾಗಿ ಬಿಲ್ಲಿಂಗ್‌ಗೇ ಜೋಡಿಸಿದರೆ, ಹೊರಗೆ ಟ್ರ್ಯಾಕ್ಟರ್‌ಗಳು ಸಾಲುಗಟ್ಟಿ ನಿಂತಿರುವಾಗ ಒಳಗೆ ಯಾರೋ ಐದು ವರ್ಷದ ಲೆಕ್ಕ ಕೇಳುತ್ತಾರೆ. ಆ ಭಾರಕ್ಕೆ ಬಿಲ್ಲು ಬರುವುದು ನಿಧಾನವಾಗುತ್ತದೆ. ಆದಿಲ್‌ಶಾಹಿ ಕಾಲದವರು ತೊರವಿ, ಬೇಗಂ ತಾಲಾಬ್ ಕಡೆಯಿಂದ ವಿಜಯಪುರಕ್ಕೆ ನೀರು ತಂದಾಗ ಕೊಳವೆಯ ದಾರಿಯಲ್ಲಿ ಅಲ್ಲಲ್ಲಿ ಗಂಜ್ ಎಂಬ ಗೋಪುರಗಳನ್ನು ಕಟ್ಟಿದರು. ಅಲ್ಲಿ ನೀರಿನ ಒತ್ತಡ ಇಳಿಯುತ್ತಿತ್ತು, ಹೂಳು ತಳ ಸೇರುತ್ತಿತ್ತು, ಮುಂದಕ್ಕೆ ತಿಳಿನೀರು ಹರಿಯುತ್ತಿತ್ತು. ವೇರ್‌ಹೌಸ್ ಮಾಡುವುದೂ ಅದನ್ನೇ. ಎಲ್ಲ ಕಡೆಯ ಮಾಹಿತಿ ರಾತ್ರಿ ಅಲ್ಲಿಗೆ ಬಂದು, ತಪ್ಪು ತಿದ್ದಿಸಿಕೊಂಡು, ಒಂದೇ ಅಳತೆಗೆ ಬರುತ್ತದೆ. ಒಬ್ಬರು ಪೆಟ್ಟಿಗೆಯಲ್ಲಿ, ಇನ್ನೊಬ್ಬರು ಕ್ವಿಂಟಲ್‌ನಲ್ಲಿ ಬರೆದದ್ದು ಅಲ್ಲಿ ಕಿಲೋ ಆಗುತ್ತದೆ.

ಇನ್ನು ಅಸಲು ಪಾಠ. ವೇರ್‌ಹೌಸ್ ಕಟ್ಟುವ ಪದ್ಧತಿಯ ಬಗ್ಗೆ 1996ರಲ್ಲಿ ಪುಸ್ತಕ ಬರೆದ ರಾಲ್ಫ್ ಕಿಂಬಾಲ್ ಒಂದು ನಿಯಮ ಹಾಕಿಕೊಟ್ಟರು: ಕೋಷ್ಟಕದ ಒಂದು ಸಾಲು ಎಂದರೆ ಏನು ಎಂಬುದನ್ನು ಮೊದಲು ತೀರ್ಮಾನಿಸಿ. ಅವರು ಅದಕ್ಕೆ ಇಟ್ಟ ಹೆಸರು ಗ್ರೇನ್, ಅಂದರೆ ಕಾಳು. ಕಾಳು ಯಾವುದೆಂದು ತಿಳಿಯದೆ ರಾಶಿ ಅಳೆಯಬಾರದು.

ಒಂದು ಉದಾಹರಣೆ ಬಿಡಿಸಿ ನೋಡೋಣ. ಬಬಲೇಶ್ವರದ ಕಡೆಯ ಒಬ್ಬ ರೈತರು 120 ಪೆಟ್ಟಿಗೆ ಮಾಲು ಇಟ್ಟರು. ಪೆಟ್ಟಿಗೆಗೆ 15 ಕಿಲೋ ಎಂದರೆ 1,800 ಕಿಲೋ. ಆವಕದ ಕೋಷ್ಟಕದಲ್ಲಿ ಇದು ಒಂದು ಸಾಲು. ಮುಂದೆ ಅವರು ಆ ಮಾಲನ್ನು ಎರಡು ಕಂತಿನಲ್ಲಿ ಮಾರಿದರು, ಮೊದಲು 70, ಆಮೇಲೆ 50. ಮಾರಾಟದ ಕೋಷ್ಟಕದಲ್ಲಿ ಇವು ಎರಡು ಸಾಲು. ಹೊಸಬರು ಲಾಟ್ ನಂಬರ್ ಹಿಡಿದು ಎರಡೂ ಕೋಷ್ಟಕಗಳನ್ನು ನೇರವಾಗಿ ಕೂಡಿಸುತ್ತಾರೆ. ಆಗ ಪ್ರತಿ ಮಾರಾಟದ ಸಾಲಿನ ಪಕ್ಕದಲ್ಲೂ ಆವಕದ 120 ಬಂದು ಕೂರುತ್ತದೆ. ಒಟ್ಟು ಹಾಕಿದರೆ ಆವಕ 240 ಪೆಟ್ಟಿಗೆ! ಪರದೆಯ ಮೇಲೆ ಕೆಂಪು ಗುರುತು ಬರುವುದಿಲ್ಲ, ಯಾವ ಎಚ್ಚರಿಕೆಯೂ ಇಲ್ಲ. ಚಿತ್ರ ಚೆಂದವಾಗಿಯೇ ಇರುತ್ತದೆ, ಲೆಕ್ಕ ಮಾತ್ರ ಸುಳ್ಳು. ಮದ್ದು ಸರಳ: ಆವಕವನ್ನು ಅದರ ಕೋಷ್ಟಕದಲ್ಲೇ ಕೂಡಿಸಿ, ಮಾರಾಟವನ್ನು ಅದರ ಕೋಷ್ಟಕದಲ್ಲೇ ಕೂಡಿಸಿ; ಆಮೇಲೆ ಎರಡು ಮೊತ್ತಗಳನ್ನು ಅಕ್ಕಪಕ್ಕ ಇಡಿ. ಎರಡಕ್ಕೂ ಸಾಮಾನ್ಯವಾದ ಊರು, ದಿನಾಂಕ, ರೈತರ ವಿವರಗಳಿಗೆ ಪ್ರತ್ಯೇಕ ಪಟ್ಟಿಗಳಿರಲಿ.

ಆ ಪಟ್ಟಿಗಳಲ್ಲೂ ಎರಡು ಕಡೆ ಕಾಲು ಜಾರುತ್ತದೆ. ಮೊದಲನೆಯದು ತಾಲೂಕು. ತಿಕೋಟಾ, ಬಬಲೇಶ್ವರ ಎರಡೂ ಮೊದಲು ವಿಜಯಪುರ ತಾಲೂಕಿನೊಳಗೇ ಇದ್ದವು. 2018ರ ಹೊತ್ತಿಗೆ ಹೊಸ ತಾಲೂಕುಗಳಾದವು. ಹಳೆಯ ಕಡತದಲ್ಲಿ ಅದೇ ಹಳ್ಳಿಯ ಮುಂದೆ ಬೇರೆ ತಾಲೂಕಿನ ಹೆಸರಿರುತ್ತದೆ. 2014ಕ್ಕಿಂತ ಹಿಂದಿನದಾದರೆ ಅದು ಬಿಜಾಪುರ ಎಂದೇ ಇರುತ್ತದೆ. ಹಾಗೆಯೇ ಹೋಲಿಸಿದರೆ ತಿಕೋಟಾದ ಆವಕ ಶೂನ್ಯದಿಂದ ಒಮ್ಮೆಲೇ ಮೇಲೆದ್ದಂತೆ ಕಾಣುತ್ತದೆ. ಬಳ್ಳಿ ಮೊದಲಿನಿಂದಲೂ ಅಲ್ಲೇ ಇದೆ, ಬದಲಾದದ್ದು ಕಾಗದದ ಮೇಲಿನ ಗಡಿ. ಅದಕ್ಕೇ ಹಳ್ಳಿಯ ಪಟ್ಟಿಯಲ್ಲಿ ಆಗಿನ ತಾಲೂಕು, ಈಗಿನ ತಾಲೂಕು ಎಂದು ಎರಡು ಕಾಲಂ ಇಡಿ. ತಿಕೋಟಾ ಬೇರೆ, ತಾಳಿಕೋಟಿ ಬೇರೆ. ಬೆರಳು ತಪ್ಪಿ ಒಂದರ ಮಾಲು ಇನ್ನೊಂದಕ್ಕೆ ಸೇರಬಾರದು. ಹೆಸರು ಬೆರಳಚ್ಚು ಮಾಡಿಸುವ ಬದಲು ಹಳ್ಳಿಗೊಂದು ಸಂಕೇತ ಕೊಡಿ.

ಎರಡನೆಯದು ವರ್ಷ. ದ್ರಾಕ್ಷಿ ಕೊಯ್ಲು, ಒಣಗಿಸುವಿಕೆ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ನಡೆಯುತ್ತದೆ. ಆರ್ಥಿಕ ವರ್ಷ ಮುಗಿಯುವುದು ಮಾರ್ಚ್ 31ಕ್ಕೆ. ಸಾಧನಕ್ಕೆ ಬರೀ ಆರ್ಥಿಕ ವರ್ಷ ಹೇಳಿಕೊಟ್ಟರೆ ಒಂದೇ ಬೆಳೆ ಎರಡು ತುಂಡಾಗುತ್ತದೆ. ದಿನಾಂಕದ ಪಟ್ಟಿಯಲ್ಲಿ ಹಂಗಾಮು ಎಂಬ ಕಾಲಂ ಸೇರಿಸಿ. ಮಾಲೀಕರು “ಈ ವರ್ಷ” ಎಂದದ್ದು ಯಾವ ವರ್ಷ ಎಂದು ಬಾಯಿಬಿಟ್ಟು ಕೇಳಿ ತಿಳಿದುಕೊಳ್ಳಿ.

ಇಷ್ಟಾದ ಮೇಲೆ ಜೋಡಣೆ. ನಿಮ್ಮ ವೇರ್‌ಹೌಸ್ ಪೋಸ್ಟ್‌ಗ್ರೆಸ್‌ಕ್ಯೂಎಲ್‌ನಲ್ಲಿದೆ ಎನ್ನಿ. ಸರ್ವರ್ ಹೆಸರು, ಪೋರ್ಟ್ (ಸಾಮಾನ್ಯವಾಗಿ 5432), ಡೇಟಾಬೇಸ್ ಹೆಸರು, ಬಳಕೆದಾರರ ಹೆಸರು, ಪಾಸ್‌ವರ್ಡ್ ಕೊಟ್ಟರೆ ಸಾಧನ ಒಳಹೋಗುತ್ತದೆ. ನಿಮ್ಮ ಸ್ವಂತ ಖಾತೆ ಬಳಸಬೇಡಿ. ವರದಿಗೆಂದೇ, ಓದಲು ಮಾತ್ರ ಅಧಿಕಾರವಿರುವ ಖಾತೆ ಮಾಡಿಸಿ. ಕಚ್ಚಾ ಕೋಷ್ಟಕಗಳನ್ನೆಲ್ಲ ಅದಕ್ಕೆ ತೋರಿಸದೆ, ಮೇಲೆ ಹೇಳಿದಂತೆ ಸಿದ್ಧಪಡಿಸಿದ ವ್ಯೂಗಳನ್ನಷ್ಟೇ, ಅಂದರೆ ಕೋಷ್ಟಕದಂತೆ ಕಾಣುವ ಸಿದ್ಧ ಪ್ರಶ್ನೆಗಳನ್ನಷ್ಟೇ ತೋರಿಸಿ. ವೇರ್‌ಹೌಸ್ ನಿಮ್ಮ ಕಚೇರಿಯ ಯಂತ್ರದಲ್ಲಿದ್ದು ವರದಿ ಪವರ್ ಬಿಐ ಕ್ಲೌಡ್‌ನಲ್ಲಿದ್ದರೆ ನಡುವೆ ಗೇಟ್‌ವೇ ಎಂಬ ತಂತ್ರಾಂಶ ಬೇಕು. ಅದನ್ನು ಸದಾ ಚಾಲೂ ಇರುವ ಯಂತ್ರದಲ್ಲಿ ಹಾಕಿ. ಸಂಜೆ ಮುಚ್ಚಿಡುವ ಲ್ಯಾಪ್‌ಟಾಪ್‌ನಲ್ಲಿ ಬೇಡ.

ಆಗ ಸಾಧನ ಒಂದು ಆಯ್ಕೆ ಕೇಳುತ್ತದೆ: ಮಾಹಿತಿಯ ಪ್ರತಿ ತಂದಿಟ್ಟುಕೊಳ್ಳಲೋ, ಪ್ರತಿ ಸಲ ವೇರ್‌ಹೌಸನ್ನೇ ಕೇಳಲೋ? ಪ್ರತಿ ಇದ್ದರೆ ವರದಿ ಬೇಗ ತೆರೆಯುತ್ತದೆ, ಆದರೆ ಕಳೆದ ಸಲ ತಂದಷ್ಟೇ ಅದಕ್ಕೆ ಗೊತ್ತು. ಪವರ್ ಬಿಐ ಪ್ರೊ ಪರವಾನಗಿಯಲ್ಲಿ ದಿನಕ್ಕೆ 8 ಬಾರಿಯವರೆಗೆ ಹೀಗೆ ತರಿಸಲು ಸಮಯ ನಿಗದಿ ಮಾಡಬಹುದು. ವೇರ್‌ಹೌಸ್‌ಗೆ ಮಾಹಿತಿ ರಾತ್ರಿ ಒಮ್ಮೆ ಮಾತ್ರ ಬರುತ್ತಿದ್ದರೆ ಬೆಳಿಗ್ಗೆ ಒಂದು ಸಲ ತಂದರೆ ಸಾಕು. “ನಿನ್ನೆ ರಾತ್ರಿಯವರೆಗಿನ ಲೆಕ್ಕ” ಎಂದು ವರದಿಯ ತಲೆಯಲ್ಲೇ ಬರೆಯಿರಿ.

ವರದಿಯನ್ನು ಯಾರಿಗೂ ಕಳಿಸುವ ಮುನ್ನ ಕೊನೆಯದೊಂದು ಕೆಲಸವಿದೆ. ಹಂಗಾಮಿನ ಯಾವುದಾದರೂ ಒಂದು ದಿನ ಆರಿಸಿ. ಗೇಟಿನಲ್ಲಿ ತಂತಿಗೆ ಚುಚ್ಚಿಟ್ಟ ಆ ದಿನದ ತೂಕದ ಚೀಟಿಗಳನ್ನು ತಂದು, ಪೆನ್ನು ಹಿಡಿದು ಕೂಡಿಸಿ. ಪರದೆಯ ಮೊತ್ತದೊಂದಿಗೆ ತಾಳೆ ನೋಡಿ. ಒಂದು ಪೆಟ್ಟಿಗೆ ಹೆಚ್ಚುಕಡಿಮೆಯಾದರೂ ಯಾವ ಚೀಟಿ ಎಂದು ಸಿಗುವವರೆಗೆ ಹುಡುಕಿ. ಆ 120 ಪೆಟ್ಟಿಗೆ ಒಬ್ಬ ರೈತರ ವರ್ಷದ ದುಡಿಮೆ. ಚೀಟಿಯಲ್ಲಿ ಇರುವಷ್ಟೇ ಪರದೆಯಲ್ಲೂ ಇರಬೇಕು.