ದೂರದಿಂದ ಕಂಪ್ಯೂಟರ್ ನಡೆಸುತ್ತೀರಾ? ಮೊದಲು ಈ ಆರು ಕೆಲಸ ಮುಗಿಸಿ

ಅಂಗಡಿಯ ಬಿಲ್ಲಿಂಗ್ ಕಂಪ್ಯೂಟರನ್ನು ಮನೆಯಿಂದಲೇ ನೋಡಿಕೊಳ್ಳಲು, ಶಾಖಾ ಕಚೇರಿಯ ಸರ್ವರ್ ಸರಿಪಡಿಸಲು ಅನೇಕರು ಬಳಸುವುದು ವಿಎನ್‌ಸಿ ತಂತ್ರಾಂಶ. 2019ರಲ್ಲಿ ಕ್ಯಾಸ್ಪರ್‌ಸ್ಕಿ ಸಂಸ್ಥೆಯ ಸಂಶೋಧಕರು ನಾಲ್ಕು ಬಗೆಯ ವಿಎನ್‌ಸಿ ತಂತ್ರಾಂಶಗಳನ್ನು ಪರಿಶೀಲಿಸಿ 37 ಭದ್ರತಾ ದೋಷಗಳನ್ನು ಪತ್ತೆಹಚ್ಚಿದರು. ಅವುಗಳಲ್ಲಿ 22 ಅಲ್ಟ್ರಾವಿಎನ್‌ಸಿ ಒಂದರಲ್ಲೇ ಇದ್ದವು. ಹಲವು ದೋಷಗಳು ‘ಬಫರ್ ಓವರ್‌ಫ್ಲೋ’ ಜಾತಿಯವು.

ಏನಿದು?

ಅರ್ಜಿ ನಮೂನೆಯಲ್ಲಿ ಹೆಸರಿಗೆ ಇಪ್ಪತ್ತು ಚೌಕಗಳಿವೆ ಎನ್ನಿ. ಯಾರೋ ನಲವತ್ತು ಅಕ್ಷರ ಬರೆದರೆ ಉಳಿದವು ಪಕ್ಕದ ‘ಕಚೇರಿ ಬಳಕೆಗೆ’ ಕಾಲಂಗೆ ನುಗ್ಗುತ್ತವೆ. ಬರುವ ದತ್ತಾಂಶದ ಉದ್ದವನ್ನು ಅಳೆಯದೆ ತಂತ್ರಾಂಶ ಮೆಮೊರಿಗೆ ತುಂಬಿದಾಗಲೂ ಹೀಗೇ ಆಗುತ್ತದೆ. ದಾಳಿಕೋರ ಕಳಿಸಿದ ಹೆಚ್ಚುವರಿ ಬೈಟ್‌ಗಳು ಪಕ್ಕದ ಮೆಮೊರಿಯನ್ನು ಅಳಿಸಿ ಬರೆಯುತ್ತವೆ. ಆಗ ತಂತ್ರಾಂಶ ಕುಸಿಯಬಹುದು, ಇಲ್ಲವೇ ಅವನ ಆದೇಶಗಳನ್ನೇ ನಡೆಸಬಹುದು.

ಮಾಡಬೇಕಾದದ್ದು

1. ಆವೃತ್ತಿ ನೋಡಿ. ‘ಹೆಲ್ಪ್’ ಮೆನುವಿನ ‘ಅಬೌಟ್’ನಲ್ಲಿ ಆವೃತ್ತಿ ಸಂಖ್ಯೆ ಇರುತ್ತದೆ. ನಿಮ್ಮದು ಟೈಟ್‌ವಿಎನ್‌ಸಿ ತಂತ್ರಾಂಶದ 1ರ ಸರಣಿಯದಾದರೆ ತೆಗೆದುಹಾಕಿ. ತಯಾರಕರು ಅದರ ನಿರ್ವಹಣೆ ನಿಲ್ಲಿಸಿದ್ದಾರೆ.

2. ಎರಡೂ ಕಡೆ ಅಪ್‌ಡೇಟ್ ಮಾಡಿ. ಸರ್ವರ್ ಇರುವ ಕಂಪ್ಯೂಟರಿಗಷ್ಟೇ ಅಪಾಯ ಎಂಬುದು ತಪ್ಪು ತಿಳಿವಳಿಕೆ. ನೋಡುವ ಕಡೆಯ ‘ವ್ಯೂವರ್’ನಲ್ಲೂ ದೋಷಗಳಿದ್ದವು. ಹೊಸ ಆವೃತ್ತಿಯನ್ನು ತಯಾರಕರ ಅಧಿಕೃತ ತಾಣದಿಂದಲೇ ಇಳಿಸಿಕೊಳ್ಳಿ.

3. 5900 ಪೋರ್ಟ್ ಮುಚ್ಚಿ. ವಿಎನ್‌ಸಿ ಸಾಮಾನ್ಯವಾಗಿ ಬಳಸುವುದು ಇದೇ ಪೋರ್ಟ್. ರೌಟರ್ ಸೆಟ್ಟಿಂಗ್‌ನ ‘ಪೋರ್ಟ್ ಫಾರ್ವರ್ಡಿಂಗ್’ ಪಟ್ಟಿಯಲ್ಲಿ ಅದಿದ್ದರೆ ಅಳಿಸಿ. ಹೊರಗಿನಿಂದ ಸಂಪರ್ಕ ಬೇಕೇಬೇಕೆಂದರೆ ವಿಪಿಎನ್ ಮೂಲಕ ಬನ್ನಿ.

4. ಪಾಸ್‌ವರ್ಡ್ ಬದಲಿಸಿ. ಸರ್ವರ್ ಬದಿಯ ಅನೇಕ ದೋಷಗಳನ್ನು ಬಳಸಿಕೊಳ್ಳಲು ದಾಳಿಕೋರ ಮೊದಲು ಲಾಗಿನ್ ಆಗಬೇಕು. ಹಳೆಯ ವಿಎನ್‌ಸಿ ಪದ್ಧತಿಯಲ್ಲಿ ಪಾಸ್‌ವರ್ಡ್‌ನ ಮೊದಲ 8 ಅಕ್ಷರಗಳಷ್ಟೇ ಲೆಕ್ಕಕ್ಕೆ ಬರುತ್ತವೆ. ಆ ಎಂಟರೊಳಗೇ ಅಕ್ಷರ, ಅಂಕಿ, ಚಿಹ್ನೆಗಳನ್ನು ಬೆರೆಸಿ; ಬೇರೆಡೆ ಬಳಸಿದ ಪಾಸ್‌ವರ್ಡ್ ಬೇಡ.

5. ಗೊತ್ತಿಲ್ಲದ ಸರ್ವರ್‌ಗೆ ಸಂಪರ್ಕಿಸಬೇಡಿ. ಫೋನಿನಲ್ಲಿ ಯಾರೋ ವಿಳಾಸ ಕೊಟ್ಟು ‘ವ್ಯೂವರ್‌ನಲ್ಲಿ ತೆರೆಯಿರಿ’ ಎಂದರೆ ಒಪ್ಪಬೇಡಿ. ಮೋಸದ ಸರ್ವರ್ ಕಳಿಸುವ ದತ್ತಾಂಶವೇ ನಿಮ್ಮ ಕಂಪ್ಯೂಟರಿಗೆ ಕುತ್ತಾಗಬಹುದು.

6. ಬಳಸದಾಗ ನಿಲ್ಲಿಸಿ. ವಿಂಡೋಸ್‌ನಲ್ಲಿ ವಿಎನ್‌ಸಿ ಸರ್ವಿಸ್ ಆಗಿ ಓಡುವಾಗ ಅದಕ್ಕೆ ಇಡೀ ಯಂತ್ರದ ಅಧಿಕಾರ ಇರುತ್ತದೆ. ಅದು ಕೈತಪ್ಪಿದರೆ ಎಲ್ಲವೂ ಕೈತಪ್ಪಿದಂತೆ. ‘ಸರ್ವಿಸಸ್’ ಕಿಟಕಿಗೆ ಹೋಗಿ ಅದನ್ನು ನಿಲ್ಲಿಸಿ ‘ಮ್ಯಾನುವಲ್’ ಮಾಡಿಡಿ.

ಮೌಸ್ ತಾನಾಗಿ ಓಡಾಡಿದರೆ, ಅಪರಿಚಿತ ಬಳಕೆದಾರ ಖಾತೆ ಕಂಡರೆ ಕೂಡಲೇ ನೆಟ್‌ವರ್ಕ್ ಕೇಬಲ್ ಕಿತ್ತು, ವೈಫೈ ಆಫ್ ಮಾಡಿ. ಕಂಪ್ಯೂಟರನ್ನು ಫಾರ್ಮ್ಯಾಟ್ ಮಾಡಬೇಡಿ, ಸಾಕ್ಷ್ಯ ಅಳಿಸಿಹೋಗುತ್ತದೆ. ಭಾರತದಲ್ಲಿ ಇಂಥ ಘಟನೆಗಳ ವರದಿ ಪಡೆಯುವ ಸಂಸ್ಥೆ ಸರ್ಟ್-ಇನ್. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಇವತ್ತು ಒಂದಕ್ಕಷ್ಟೇ ಬಿಡುವಿದ್ದರೆ ಮೂರನೆಯದನ್ನು ಮಾಡಿ. ಪೋರ್ಟ್ ಮುಚ್ಚಿದರೆ ಇಂಟರ್ನೆಟ್‌ನಿಂದ ನೇರವಾಗಿ ನಿಮ್ಮ ವಿಎನ್‌ಸಿ ಸರ್ವರ್ ತಟ್ಟುವ ದಾರಿ ಇಲ್ಲವಾಗುತ್ತದೆ, ಉಳಿದ ಐದನ್ನು ಮುಗಿಸಲು ನಿಮಗೆ ಸಮಯ ಸಿಗುತ್ತದೆ.