ಹೊಸ ಆರ್ಡರಿನ ನಂಬರು ಕೇಳುವ ಕ್ರಮ



ನಾನು ಹತ್ತನೇ ಕ್ಲಾಸು ಓದಿದವನು. ಕಂಪ್ಯೂಟರ್ ಪಾಠ ಹೇಳುವ ಯೋಗ್ಯತೆ ನನಗಿಲ್ಲ. ಆದರೂ ಘಾಟ್‌ಕೋಪರಿನ ನಮ್ಮ ಹೋಟೆಲಿನಲ್ಲಿ ಪೆಟ್ಟು ತಿಂದು ಕಲಿತದ್ದನ್ನು ತಮ್ಮ ಮುಂದಿಡುತ್ತೇನೆ.

ಒಂದು ಶನಿವಾರ ರಾತ್ರಿ ಹಳೆಯ ಗಿರಾಕಿಯೊಬ್ಬರು ಗಲ್ಲಾದಲ್ಲಿ ಜೈನ್ ಪಾವ್‌ಭಾಜಿ ಪಾರ್ಸೆಲ್ ಹೇಳಿದರು. ಅದೇ ಗಳಿಗೆಯಲ್ಲಿ ಫೋನ್ ಕೌಂಟರಿನಲ್ಲಿ ಇನ್ನೊಬ್ಬರ ಸಾದಾ ಪಾವ್‌ಭಾಜಿ. ಅಡುಗೆಮನೆಗೆ ಬಂದ ಚೀಟಿಯಲ್ಲಿ 812 ಖಾಲಿ, 813ರಲ್ಲಿ ಎರಡೂ! ಪ್ಯಾಕಿಂಗ್ ಹುಡುಗ ಅಂದಾಜಿನಲ್ಲಿ ವಿಂಗಡಿಸಿದ. ಈರುಳ್ಳಿ ಹಾಕಿದ ಭಾಜಿ ಜೈನರ ಮನೆಗೆ ಹೋಯಿತು. ಮರುದಿನ ಅವರು ಬಂದು, "ಅಣ್ಣಾ, ನಿಮ್ಮ ಮೇಲೆ ಇಪ್ಪತ್ತು ವರ್ಷದ ನಂಬಿಕೆ ಇತ್ತು" ಎಂದಷ್ಟೇ ಹೇಳಿ ಹೋದರು. ನಾನು ಭಟ್ಟರನ್ನು ಬೈದೆ. ಆದರೆ ತಪ್ಪು ಅವರದಾಗಿರಲಿಲ್ಲ.

ಕಂಪ್ಯೂಟರಿನಲ್ಲಿ ಆರ್ಡರು ಒಂದು ಪಟ್ಟಿಯಲ್ಲಿ, ಅದರ ತಿಂಡಿಗಳು ಇನ್ನೊಂದು ಪಟ್ಟಿಯಲ್ಲಿ ಇರುತ್ತವೆ. ಮೊದಲು ಆರ್ಡರು ದಾಖಲಾಗುತ್ತದೆ, ಡೇಟಾಬೇಸ್ ಅದಕ್ಕೆ ತಾನಾಗಿ ನಂಬರು ಕೊಡುತ್ತದೆ. ಆ ನಂಬರನ್ನು ಕೇಳಿ ಪಡೆದು ತಿಂಡಿಗಳ ಜೊತೆ ಬರೆಯಬೇಕು. ನಮ್ಮ ಪ್ರೋಗ್ರಾಮು ಕೇಳುತ್ತಿದ್ದುದು, "ಪಟ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡ ನಂಬರು ಯಾವುದು?" ಎಂದು. ಗಲ್ಲಾದವನಿಗೆ 812 ಸಿಕ್ಕಿತ್ತು. ಅವನು ಕೇಳುವಷ್ಟರಲ್ಲಿ ಫೋನಿನವನಿಗೆ 813 ಬಿತ್ತು. ಇಬ್ಬರಿಗೂ 813 ಎಂಬ ಉತ್ತರವೇ ಬಂತು.

ಕೂಪನ್ ಪಡೆದ ಗಿರಾಕಿ ತನ್ನ ಕೈಯ ಕೂಪನನ್ನು ನೋಡುತ್ತಾನೆ, ಕೊನೆಗೆ ಹರಿದ ಕೂಪನ್ ಯಾವುದೆಂದು ಕೇಳುವುದಿಲ್ಲ. ಪ್ರೋಗ್ರಾಮು ಕೂಡ "ಈಗ ನನಗೆ ಕೊಟ್ಟ ನಂಬರು ಯಾವುದು?" ಎಂದೇ ಕೇಳಬೇಕು. ಮೈಎಸ್‌ಕ್ಯುಎಲ್‌ನಲ್ಲಿ ಇದಕ್ಕೆ 'ಲಾಸ್ಟ್ ಇನ್ಸರ್ಟ್ ಐಡಿ', ಎಸ್‌ಕ್ಯುಎಲ್ ಸರ್ವರಿನಲ್ಲಿ 'ಸ್ಕೋಪ್ ಐಡೆಂಟಿಟಿ', ಪೋಸ್ಟ್‌ಗ್ರೆಸ್‌ನಲ್ಲಿ 'ರಿಟರ್ನಿಂಗ್' ಇದೆ. ಮೈಎಸ್‌ಕ್ಯುಎಲ್ ಪ್ರತಿಯೊಂದು ಕನೆಕ್ಷನ್ನಿನ ಲೆಕ್ಕವನ್ನು ಬೇರೆಯಾಗಿಯೇ ಇಡುತ್ತದೆ. ಆದ್ದರಿಂದ ಆರ್ಡರು ಹಾಕಿದ ಕನೆಕ್ಷನ್ನಿನಲ್ಲೇ, ಹಾಕಿದ ಕೂಡಲೇ ಕೇಳಬೇಕು.

ಇನ್ನೊಂದು ಎಚ್ಚರಿಕೆ. ದಾಖಲೆ ಅರ್ಧಕ್ಕೆ ರದ್ದಾದರೆ ಈ ನಂಬರು ಹಾರಿಹೋಗುವುದುಂಟು. ಆರ್ಡರಿನ ಮಟ್ಟಿಗೆ ಅದು ದೋಷವಲ್ಲ. ಆದರೆ 2017ರ ಜಿಎಸ್‌ಟಿ ನಿಯಮ 46ರಂತೆ ಟ್ಯಾಕ್ಸ್ ಬಿಲ್ಲಿನ ನಂಬರು ಕ್ರಮವಾಗಿರಬೇಕು, ಒಂದು ಆರ್ಥಿಕ ವರ್ಷದಲ್ಲಿ ಎರಡು ಸಲ ಬರಬಾರದು, 16 ಅಕ್ಷರ ಮೀರಬಾರದು. ಆದ್ದರಿಂದ ಆರ್ಡರಿನ ನಂಬರು ಬೇರೆ, ಬಿಲ್ಲಿನ ನಂಬರು ಬೇರೆ ಇರಲಿ.

ಹೊಸ ಸಾಫ್ಟ್‌ವೇರಿಗೆ ಹಣ ಕೊಡುವ ಮೊದಲು ಎರಡು ಕೌಂಟರಿನಲ್ಲಿ ಇಬ್ಬರನ್ನು ಕೂರಿಸಿ, ಒಂದೇ ಸಮಯಕ್ಕೆ ಹತ್ತಾರು ಆರ್ಡರು ಹಾಕಿಸಿ, ಚೀಟಿಗಳನ್ನು ತಾಳೆ ನೋಡಿ. ತಾಳೆಯಾದರೂ "ದೊಡ್ಡ ನಂಬರು ಕೇಳುತ್ತೀಯೋ, ನಿನಗೆ ಕೊಟ್ಟ ನಂಬರು ಕೇಳುತ್ತೀಯೋ?" ಎಂದು ಪ್ರೋಗ್ರಾಮಿನ ಹುಡುಗನನ್ನು ವಿಚಾರಿಸಿ. ನಾನು ಆ ಒಂದು ಪ್ರಶ್ನೆ ಕೇಳಿದ್ದರೆ ಹಳೆಯ ಗಿರಾಕಿಯೊಬ್ಬರು ಇಂದಿಗೂ ನಮ್ಮಲ್ಲಿಗೆ ಬರುತ್ತಿದ್ದರು.